ಟ್ರೇಲರ್ ಹಾಯಿದೋಣಿಯಲ್ಲಿ ಸ್ಯಾನ್ ವಾನ್ ದ್ವೀಪಗಳಿಗೆ: ರೆಸಾರ್ಟ್ ಡಾಕಿಗೆ ದೋಣಿ ಕಟ್ಟುವವರೆಗಿನ ಸಮಗ್ರ ಮಾರ್ಗದರ್ಶಿ

ಬೆಲ್‌ವ್ಯೂ, ರೆಡ್ಮಂಡ್ ಕಡೆಯಿಂದ ಉತ್ತರಕ್ಕೆ ಸುಮಾರು 80 ಮೈಲಿ ಹೋದರೆ ಅನಕೋರ್ಟಿಸ್. ಅದರ ಪಶ್ಚಿಮಕ್ಕೆ ರೊಸಾರಿಯೊ ಜಲಸಂಧಿ, ಜಲಸಂಧಿ ದಾಟಿದರೆ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳು. 22 ಅಡಿಯ ಹಾಯಿದೋಣಿಯೊಂದನ್ನು ಗಾಡಿಗೆ ಕಟ್ಟಿಕೊಂಡು ಹೋಗಿ, ನೀರಿಗಿಳಿಸಿ, ದ್ವೀಪದ ರೆಸಾರ್ಟಿನ ಗೆಸ್ಟ್ ಡಾಕಿಗೆ ಕಟ್ಟಿ, ಬಿಸಿನೀರಿನ ಸ್ನಾನ ಮಾಡಿ ದೋಣಿಯಲ್ಲೇ ಮಲಗಿ ಬರಬಹುದು. ದೊಡ್ಡ ದೋಣಿಯ ಖರ್ಚಾಗಲಿ, ವರ್ಷವಿಡೀ ಮರೀನಾ ಬಾಡಿಗೆಯಾಗಲಿ ಇಲ್ಲ. ಸಿಯಾಟಲ್ ಸುತ್ತಮುತ್ತ ನೆಲೆಸಿದ ಕನ್ನಡಿಗರು ಚಾರಣಕ್ಕೆ ಹೋದಷ್ಟು ಈ ನೀರಿಗೆ ಇಳಿದಿಲ್ಲ. ಇಳಿಯಬೇಕು, ಅಷ್ಟು ಚೆಂದದ ನೀರು ಇದು.

ಒಂದು ವಿಷಯ ಮೊದಲೇ ಹೇಳಬೇಕು. ಬಹಳ ಮಂದಿ ಮೊದಲು ರೆಸಾರ್ಟಿನಲ್ಲಿ ಜಾಗ ಕಾದಿರಿಸಿ, ಆಮೇಲೆ ಉಬ್ಬರವಿಳಿತದ ಪಟ್ಟಿ ತೆರೆಯುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧ ಇರಬೇಕು. ರಾಂಪಿನಲ್ಲಿ (ನೀರಿಗಿಳಿಯುವ ಇಳಿಜಾರು) ದೋಣಿ ಇಳಿಯುವುದು, ಜಲಸಂಧಿ ದಾಟುವುದು, ಬಂದರಿನ ಬಾಯಿ ಹೊಗುವುದು, ಮರಳಿ ಬಂದು ದೋಣಿಯನ್ನು ಟ್ರೇಲರ್‌ಗೆ ಏರಿಸುವುದು, ಈ ನಾಲ್ಕೂ ನೀರಿನ ಏರಿಳಿತಕ್ಕೆ ಕಟ್ಟುಬಿದ್ದಿವೆ. ನೀರು ಒಪ್ಪಿದ ದಿನಕ್ಕೆ ಬುಕಿಂಗ್ ಮಾಡಿ.

ಯಾವ ರೆಸಾರ್ಟ್

ಹೊರಡುವ ಜಾಗ ಅನಕೋರ್ಟಿಸ್‌ನ ವಾಷಿಂಗ್ಟನ್ ಪಾರ್ಕ್ ಆಗಿರಲಿ. ಅದು ಊರಾಡಳಿತದ ಉದ್ಯಾನ. ಕಾಂಕ್ರೀಟ್ ರಾಂಪ್, ಪಕ್ಕದಲ್ಲಿ ತೇಲುವ ಡಾಕ್, ರಾತ್ರಿ ಟ್ರೇಲರ್ ಬಿಟ್ಟುಹೋಗಲು ಜಾಗ ಎಲ್ಲ ಇದೆ. ಇಳಿಸಲಿಕ್ಕೂ ನಿಲ್ಲಿಸಲಿಕ್ಕೂ ಶುಲ್ಕವಿದೆ. ಡಿಸೆಪ್ಷನ್ ಪಾಸ್ ಪಕ್ಕದ ಕಾರ್ನೆಟ್ ಬೇ ರಾಂಪ್ ನೋಡಲು ಹತ್ತಿರ ಎನಿಸುತ್ತದೆ. ಆದರೆ ಅಲ್ಲಿಂದ ಹೊರಟರೆ 8 ನಾಟ್‌ವರೆಗೂ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಹರಿಯುವ ಇಕ್ಕಟ್ಟಿನ ಕಾಲುವೆಯನ್ನೇ ಮೊದಲು ದಾಟಬೇಕು. ನಿಮ್ಮ ದೋಣಿಯ ವೇಗ 5 ನಾಟ್, ಲೆಕ್ಕ ಅಲ್ಲಿಗೇ ಮುಗಿಯಿತು.

ಮೊದಲ ಸಲಕ್ಕೆ ಲೋಪೆಜ್ ದ್ವೀಪದ ಫಿಶರ್‌ಮನ್ ಬೇ ಒಳಗಿರುವ ಲೋಪೆಜ್ ಐಲ್ಯಾಂಡರ್ ರೆಸಾರ್ಟ್ ಒಳ್ಳೆಯ ಆಯ್ಕೆ. ವಾಷಿಂಗ್ಟನ್ ಪಾರ್ಕಿನಿಂದ ದ್ವೀಪಗಳ ನಡುವಿನ ಥ್ಯಾಚರ್ ಪಾಸ್, ಅಪ್‌ರೈಟ್ ಚಾನೆಲ್ ಕಾಲುವೆಗಳ ಮೂಲಕ ಸುಮಾರು 13 ನಾಟಿಕಲ್ ಮೈಲಿ, ಅಂದರೆ ಮೂರು ಗಂಟೆ. ಕೊಲ್ಲಿಯ ಬಾಯಿ ಕಿರಿದು, ಆಳ ಕಮ್ಮಿ. ದೊಡ್ಡ ಕೀಲಿನ (ದೋಣಿಯ ಅಡಿಗಿರುವ ಭಾರದ ರೆಕ್ಕೆ) ದೋಣಿಗಳು ಇಳಿತದಲ್ಲಿ ಹೊರಗೇ ಕಾಯುತ್ತವೆ, ಕೀಲು ಎತ್ತಬಹುದಾದ ನಿಮ್ಮ ದೋಣಿ ಸಲೀಸಾಗಿ ಒಳಗೆ ಹೋಗುತ್ತದೆ. ಟ್ರೇಲರ್ ದೋಣಿಯ ನಿಜವಾದ ಬಲ ಇದೇ.

ಎರಡನೆಯ ಹಂತ ಸ್ಯಾನ್ ವಾನ್ ದ್ವೀಪದ ವಾಯವ್ಯ ತುದಿಯ ರೋಷ್ ಹಾರ್ಬರ್. ಒಂದು ಕಾಲದಲ್ಲಿ ಸುಣ್ಣದ ಗೂಡುಗಳ ಊರು. 1886ರ ಹೋಟೆಲ್ ಡಿ ಹಾರೊ ಇಂದಿಗೂ ನಿಂತಿದೆ. ದೂರ 22–23 ನಾಟಿಕಲ್ ಮೈಲಿ. ಗಾಳಿ ಕೈಕೊಟ್ಟರೆ ಮೋಟಾರಿನಲ್ಲಿ ಐದು ಗಂಟೆ. ವಾರಾಂತ್ಯಕ್ಕೆ ಇದು ಹಿಡಿಸುವುದಿಲ್ಲ. ನಾಲ್ಕು ದಿನ ಇಟ್ಟುಕೊಂಡು, ದಾರಿಯಲ್ಲಿ ಲೋಪೆಜ್‌ನ ಸ್ಪೆನ್ಸರ್ ಸ್ಪಿಟ್ ಸ್ಟೇಟ್ ಪಾರ್ಕಿನ ಬೂಯಿಗೆ (ದೋಣಿ ಕಟ್ಟುವ ತೇಲುಗುಂಡು) ಕಟ್ಟಿ ಒಂದು ರಾತ್ರಿ ಕಳೆದು ಹೋಗಿ.

ದಿನ ಗೊತ್ತುಮಾಡುವುದು

ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರಂತೆ ಇನ್ನೊಂದಿಲ್ಲ. ಅನಕೋರ್ಟಿಸ್‌ನಲ್ಲಿ ದಿನದ ಅತಿ ಎತ್ತರಕ್ಕೂ ಅತಿ ತಗ್ಗಿಗೂ ಸರಾಸರಿ 8 ಅಡಿ ವ್ಯತ್ಯಾಸ, ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಇನ್ನೂ ಹೆಚ್ಚು. ಗಮನಿಸಬೇಕಾದ್ದು ಇನ್ನೊಂದಿದೆ: ಬೇಸಿಗೆಯಲ್ಲಿ ಅತಿ ತಗ್ಗಿನ ಇಳಿತಗಳು ಹಗಲಲ್ಲೇ, ಬೆಳಗಿನ ಹೊತ್ತಿನಿಂದ ಮಧ್ಯಾಹ್ನದೊಳಗೆ ಬೀಳುತ್ತವೆ. ನೀವು ರಾಂಪಿಗೆ ಬರುವ ಹೊತ್ತೂ ಅದೇ.

ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟಮಿ ಎಲ್ಲಿದೆ ನೋಡಿ. ಅಷ್ಟಮಿಯ ಹತ್ತಿರ ಬರುವ ವಾರಾಂತ್ಯದಲ್ಲಿ ಸಾಮಾನ್ಯವಾಗಿ ಏರಿಳಿತವೂ ಸೆಳೆತವೂ ಸೌಮ್ಯ. ಇದು ಮೊದಲ ಜರಡಿ ಮಾತ್ರ. ಕೊನೆಯ ಮಾತು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಪಟ್ಟಿಯದ್ದು. ಅದರಲ್ಲಿ ಎರಡು ಬೇರೆ ಬೇರೆ ಪಟ್ಟಿ ತೆಗೆಯಬೇಕು. ಒಂದು ನೀರಿನ ಎತ್ತರದ್ದು, ಅದು ರಾಂಪಿಗೆ ಮತ್ತು ಕೊಲ್ಲಿಯ ಬಾಯಿಗೆ. ಇನ್ನೊಂದು ಸೆಳೆತದ್ದು, ಅದು ರೊಸಾರಿಯೊ ದಾಟಲು. ಇವೆರಡನ್ನೂ ಒಂದೇ ಎಂದುಕೊಳ್ಳುವುದು ಹೊಸಬರ ದೊಡ್ಡ ತಪ್ಪು. ಉಬ್ಬರ ತುದಿ ಮುಟ್ಟಿದ ಕ್ಷಣಕ್ಕೆ ಸೆಳೆತ ನಿಲ್ಲುವುದಿಲ್ಲ. ದ್ವೀಪಗಳ ನಡುವೆ ನೀರು ನಿಲ್ಲುವ ಹೊತ್ತು ಬೇರೆಯೇ, ಜಾಗದಿಂದ ಜಾಗಕ್ಕೂ ಬೇರೆ.

ಬೇಕಾದ್ದು ಇಂಥ ದಿನ: ರಾಂಪಿಗೆ ಬರುವಾಗ ನೀರು ಅರ್ಧಕ್ಕಿಂತ ಮೇಲಿರಬೇಕು, ಅದಾದ ಒಂದೆರಡು ಗಂಟೆಯೊಳಗೆ ರೊಸಾರಿಯೊದಲ್ಲಿ ಸೆಳೆತ ತಣ್ಣಗಾಗಬೇಕು, ಸಂಜೆ ಫಿಶರ್‌ಮನ್ ಬೇ ಬಾಯಿಯಲ್ಲಿ ನೀರು ಏರುತ್ತಿರಬೇಕು. ಮೂರೂ ಒಟ್ಟಿಗೆ ಕೂಡಿಬರುವ ದಿನಗಳು ತಿಂಗಳಿಗೆ ಕೆಲವೇ. ಆ ದಿನ ಹಿಡಿದು ಡಾಕಿಗೆ ಫೋನ್ ಮಾಡಿ. ಜುಲೈ 4ರ ವಾರ ಬಿಡಿ, ಎಲ್ಲೂ ಜಾಗ ಸಿಗದು. ಮೇ ಕೊನೆಯಿಂದ ಜೂನ್, ಆಮೇಲೆ ಲೇಬರ್ ಡೇ ಕಳೆದ ಸೆಪ್ಟೆಂಬರ್ ಪ್ರಶಸ್ತ. ಆಗಸ್ಟ್‌ನಲ್ಲಿ ಬೆಳಗಿನ ಮಂಜು ದಟ್ಟ, ಅದು ಕರಗುವವರೆಗೆ ಹೊರಡುವಂತಿಲ್ಲ.

ಬುಕ್ ಮಾಡುವಾಗ ಕೇಳಬೇಕಾದವು: ಶುಲ್ಕ ಅಡಿಗೆ ಎಷ್ಟು, ಕನಿಷ್ಠ ಉದ್ದ ಎಂದು ಲೆಕ್ಕ ಹಾಕುತ್ತಾರೆಯೇ (22 ಅಡಿ ದೋಣಿಗೆ 30 ಅಡಿಯ ಹಣ ಕೇಳುವ ಜಾಗಗಳುಂಟು), ವಿದ್ಯುತ್ ಇದೆಯೇ, ಸ್ನಾನದ ಮನೆ ಮತ್ತು ಈಜುಕೊಳ ಡಾಕಿನ ಅತಿಥಿಗಳಿಗೂ ತೆರೆದಿವೆಯೇ, ಹವೆ ಕೆಟ್ಟರೆ ಎಷ್ಟು ಹೊತ್ತಿನೊಳಗೆ ರದ್ದು ಮಾಡಬಹುದು. ಕೊನೆಯದನ್ನು ಕೇಳದೆ ದುಡ್ಡು ಕಟ್ಟಬೇಡಿ. ರದ್ದತಿ ಇಲ್ಲದ ಬುಕಿಂಗ್ ಜನರನ್ನು ಕೆಟ್ಟ ಗಾಳಿಗೆ ದೂಡುತ್ತದೆ.

ದೋಣಿ, ಟ್ರೇಲರ್, ಎಳೆಯುವ ಗಾಡಿ

ಇಲ್ಲಿನ ವಿವರಗಳೆಲ್ಲ ಕ್ಯಾಟಲಿನಾ 22 ಸ್ವಿಂಗ್ ಕೀಲ್ (ಕೀಲನ್ನು ಮಡಚಿ ಎತ್ತಬಹುದಾದ) ದೋಣಿಯದ್ದು. 1969ರಿಂದ ತಯಾರಾದ, ಹಳೆಯದು ಸುಲಭವಾಗಿ ಸಿಗುವ ದೋಣಿ. ಬರಿ ದೋಣಿಯ ತೂಕ ಸುಮಾರು 2,250 ಪೌಂಡ್, ಅದರಲ್ಲಿ 550 ಪೌಂಡ್ ಎರಕದ ಕಬ್ಬಿಣದ ಕೀಲು. ಕೀಲು ಎತ್ತಿದರೆ 2 ಅಡಿ ನೀರು ಸಾಕು, ಇಳಿಸಿದರೆ 5 ಅಡಿ ಬೇಕು.

ಟ್ರೇಲರ್, ಮೋಟಾರ್, ಲಂಗರು, ನೀರು, ಸಾಮಾನು ಸೇರಿದರೆ ಎಳೆಯುವ ತೂಕ 3,400ರಿಂದ 3,800 ಪೌಂಡ್ ಆಗುತ್ತದೆ. 3,500 ಪೌಂಡ್ ಮಿತಿಯ ಮಿನಿವ್ಯಾನ್ ಅಥವಾ ಟೆಸ್ಲಾ ಮಾಡೆಲ್ ವೈ ಇದಕ್ಕೆ ಸಾಲದು. ಎಳೆದೀತು, ಆದರೆ ರಾಂಪಿನ ಒದ್ದೆ ಇಳಿಜಾರಿನಲ್ಲಿ ನಿಲ್ಲದು. 5,000 ಪೌಂಡ್ ಎಳೆಯಬಲ್ಲ, ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿ ಬೇಕು. ವಾಷಿಂಗ್ಟನ್‌ನಲ್ಲಿ 3,000 ಪೌಂಡ್ ಮೀರಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ, ಟ್ರೇಲರ್ ಕಟ್ಟಿದ ಗಾಡಿಗೆ ಗಂಟೆಗೆ 60 ಮೈಲಿ ಮಿತಿ.

ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯಾದ ಹಿಚ್ ಮೇಲೆ ಬೀಳುವ ಭಾರ ಒಟ್ಟು ತೂಕದ ಹತ್ತನೇ ಒಂದು ಪಾಲು, ಅಂದರೆ 350 ಪೌಂಡ್ ಆಸುಪಾಸು ಇರಲಿ. ಅದಕ್ಕಿಂತ ತೀರಾ ಕಮ್ಮಿಯಾದರೆ 50 ಮೈಲಿ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಮೋಟಾರ್ ಹಿಂಬದಿಯಲ್ಲಿ ತೂಗುತ್ತಿರುವಾಗ ಇದು ಬೇಗ ಆಗುತ್ತದೆ. ಮೋಟಾರ್ ಕಳಚಿ ಗಾಡಿಯೊಳಗೆ ಹಾಕಿ, ನೀರಿನ ಕ್ಯಾನುಗಳನ್ನು ಮುಂದಿನ ಬರ್ತ್ ಕೆಳಗಿಡಿ.

ಮಾಸ್ಟ್ (ಹಾಯಿಕಂಬ) 25 ಅಡಿ, ದೋಣಿಗಿಂತ ಉದ್ದ. ಹಿಂದೆ 4 ಅಡಿ ಚಾಚಿದರೆ ಕೆಂಪು ಬಾವುಟ ಕಟ್ಟಲೇಬೇಕು. ಗಾಳಿಗೆ ಬಡಿಯುವ ವೈರ್‌ಗಳನ್ನು ಪ್ರತಿ ಮೂರು ಅಡಿಗೆ ಕಟ್ಟಿ. ಸಡಿಲ ಟರ್ನ್‌ಬಕಲ್ (ವೈರ್ ಬಿಗಿಮಾಡುವ ತಿರುಪು) ಎಂಬತ್ತು ಮೈಲಿ ಕುಣಿದರೆ ದೋಣಿಯ ಹೊರಮೈಯ ಜೆಲ್‌ಕೋಟ್ ಲೇಪ ಕಿತ್ತುಬರುತ್ತದೆ.

ಹೊರಡುವ ಹಿಂದಿನ ಸಂಜೆಯೇ ನೋಡಬೇಕಾದ್ದು ಕೀಲಿನ ಕೇಬಲ್. ಕ್ಯಾಬಿನ್ನಿನ ಮೆಟ್ಟಿಲ ಕೆಳಗಿನ ವಿಂಚಿನಿಂದ (ಕೇಬಲ್ ಸುತ್ತುವ ರಾಟೆ) ಅದು ಒಂದು ನಳಿಗೆಯ ಮೂಲಕ ಕೆಳಗಿಳಿದು ಕೀಲಿಗೆ ಸೇರುತ್ತದೆ. ಆ ನಳಿಗೆಯ ತಲೆಗೆ ತೊಡಿಸಿದ ರಬ್ಬರ್ ಹೋಸು ನೀರಿನ ಮಟ್ಟದ ಹತ್ತಿರವೇ ಇದೆ. ಬಿರುಕು ಬಿಟ್ಟರೆ ಸಮುದ್ರ ನೇರ ಕ್ಯಾಬಿನ್ನಿಗೆ ಬರುತ್ತದೆ. ಹೋಸನ್ನು ಬೆರಳಲ್ಲಿ ಅಮುಕಿ ನೋಡಿ. ಗಡುಸಾಗಿ ಗೆರೆ ಬಿದ್ದಿದ್ದರೆ ಬದಲಿಸಿ, ಎರಡೂ ಕಡೆ ಸ್ಟೇನ್‌ಲೆಸ್ ಕ್ಲಾಂಪ್ ಹಾಕಿ. ಕೇಬಲ್ಲಿನ ಒಂದು ಎಳೆ ಹರಿದು ಚುಚ್ಚುತ್ತಿದ್ದರೂ ಇಡೀ ಕೇಬಲ್ ಬದಲಿಸಬೇಕು. ಕೀಲು ಕೈತಪ್ಪಿ ಬಿದ್ದರೆ ಕೀಲಿನ ಗೂಡೇ ಸೀಳುತ್ತದೆ.

ದೋಣಿಯಲ್ಲಿ ಇರಲೇಬೇಕಾದವು: ತಲೆಗೊಂದು ಲೈಫ್ ಜಾಕೆಟ್, ಎಸೆಯಲು ಬರುವ ತೇಲು ಒಂದು, ಅವಧಿ ಮೀರದ ಫ್ಲೇರ್‌ಗಳು (ಅಪಾಯ ಸೂಚಿಸುವ ಬೆಳಕಿನ ಬತ್ತಿ), ಅಗ್ನಿಶಾಮಕ, ಸೀಟಿ, ರಾತ್ರಿದೀಪ. 13 ವರ್ಷದೊಳಗಿನ ಮಕ್ಕಳು ಡೆಕ್ ಮೇಲೆ ಇರುವಷ್ಟು ಹೊತ್ತೂ ಜಾಕೆಟ್ ತೊಟ್ಟಿರಬೇಕು. 15 ಅಶ್ವಶಕ್ತಿ ಅಥವಾ ಹೆಚ್ಚಿನ ಮೋಟಾರ್ ನಡೆಸುವವರಿಗೆ, 1955ರ ಜನವರಿ 1ರ ನಂತರ ಹುಟ್ಟಿದ್ದರೆ, ರಾಜ್ಯದ ಬೋಟರ್ ಕಾರ್ಡ್ ಬೇಕು. ನಿಮ್ಮ 6 ಅಶ್ವಶಕ್ತಿಯ ಮೋಟಾರಿಗೆ ಕಾನೂನು ಕೇಳುವುದಿಲ್ಲ, ಆದರೂ ಆ ಪಾಠ ಓದಿ. ದಾರಿ ಬಿಡುವ ನಿಯಮಗಳು ಅದರಲ್ಲಿವೆ.

ಲಂಗರನ್ನು ಅಲಂಕಾರಕ್ಕೆ ಒಯ್ಯಬೇಡಿ. 13 ಪೌಂಡಿನ ಡ್ಯಾನ್‌ಫೋರ್ತ್, 20 ಅಡಿ ಕಾಲಿಂಚಿನ ಸರಪಳಿ, 200 ಅಡಿ 3/8 ಇಂಚು ದಪ್ಪದ ನೈಲಾನ್ ಹಗ್ಗ ಇರಲಿ. ಮೋಟಾರ್ ನಿಂತು ಸೆಳೆತ ಬಂಡೆಯ ಕಡೆ ಒಯ್ಯುವಾಗ ಅದೊಂದೇ ಬ್ರೇಕ್.

ರಾಂಪಿನಲ್ಲಿ

ಹೆದ್ದಾರಿ ಹತ್ತಿ ಇಪ್ಪತ್ತು ಮೈಲಿ ಆದ ಮೇಲೆ ನಿಂತು ಟ್ರೇಲರ್ ಚಕ್ರಗಳ ನಡುವಿನ ಹಬ್‌ಗಳನ್ನು ಅಂಗೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಹೋಗುತ್ತಿದೆ ಎಂದರ್ಥ. ರಾಂಪಿಗೆ ಬಂದ ಕೂಡಲೇ ನೀರಿಗಿಳಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಸೀಲಿನೊಳಗೆ ಎಳೆದುಕೊಳ್ಳುತ್ತದೆ. ಮಾಸ್ಟ್ ಎತ್ತುವ ಕೆಲಸವನ್ನು ಮೊದಲು ಇಟ್ಟುಕೊಂಡರೆ ಹಬ್ ಆರಲು ಬೇಕಾದ ಅರ್ಧ ಗಂಟೆ ತಾನಾಗಿ ಸಿಗುತ್ತದೆ.

ಮಾಸ್ಟ್ ಎತ್ತುವ ಮುಂಚೆ ತಲೆಯೆತ್ತಿ ನೋಡಿ. ವಿದ್ಯುತ್ ತಂತಿ ಎತ್ತುವ ಜಾಗದಲ್ಲೂ ಇರಬಾರದು, ಅಲ್ಲಿಂದ ರಾಂಪಿಗೆ ಹೋಗುವ ದಾರಿಯಲ್ಲೂ ಇರಬಾರದು. ಅಲ್ಯೂಮಿನಿಯಂ ಮಾಸ್ಟ್ ತಂತಿಗೆ ತಗುಲಿದರೆ ಸಾವು ಖಚಿತವೆಂದೇ ತಿಳಿಯಿರಿ.

ಮಾಸ್ಟ್ ಹಿಂದಕ್ಕೆ ಮಲಗಿರುತ್ತದೆ. ಬುಡವನ್ನು ಹಿಂದಕ್ಕೆ ಸರಿಸಿ ಡೆಕ್ಕಿನ ಮೇಲಿನ ಹಿಂಜ್ ಪಟ್ಟಿಗೆ ಬೋಲ್ಟ್ ಹಾಕಿ. ಬ್ಯಾಕ್‌ಸ್ಟೇ (ಮಾಸ್ಟನ್ನು ಹಿಂದಿನಿಂದ ಹಿಡಿಯುವ ವೈರ್), ಎರಡೂ ಮೇಲಿನ ಶ್ರೌಡ್‌ಗಳು (ಬದಿಯಿಂದ ಹಿಡಿಯುವ ವೈರ್‌ಗಳು), ಹಿಂದಿನ ಎರಡು ಕೆಳ ಶ್ರೌಡ್‌ಗಳು, ಇಷ್ಟನ್ನು ಜೋಡಿಸಿ. ಮುಂದಿನ ಕೆಳ ಶ್ರೌಡ್‌ಗಳನ್ನು ಈಗ ಜೋಡಿಸುವಂತಿಲ್ಲ, ಮಾಸ್ಟ್ ಮಲಗಿರುವಾಗ ಅವುಗಳ ಉದ್ದ ಸಾಲುವುದಿಲ್ಲ. ಮಾಸ್ಟ್ ಬುಡದಿಂದ ಮುಂದಕ್ಕೆ ಆರಡಿಯ ಜಿನ್ ಪೋಲ್ (ಎತ್ತುಗೋಲು) ನಿಲ್ಲಿಸಿ, ಅದರ ತುದಿಯನ್ನು ಜಿಬ್ ಹ್ಯಾಲಿಯಾರ್ಡಿಗೆ (ಮುಂದಿನ ಹಾಯಿ ಏರಿಸುವ ಹಗ್ಗ) ಕಟ್ಟಿ, ಮೇನ್‌ಶೀಟಿನ (ದೊಡ್ಡ ಹಾಯಿ ಹಿಡಿಯುವ ಹಗ್ಗ) ಬ್ಲಾಕ್‌ಗಳನ್ನು, ಅಂದರೆ ರಾಟೆಗಳನ್ನು, ಜಿನ್ ಪೋಲ್ ತುದಿಗೂ ದೋಣಿಯ ಮೂತಿಗೂ ನಡುವೆ ಹಾಕಿದರೆ ಒಬ್ಬರೇ ಎಳೆಯಬಹುದು. ಇನ್ನೊಬ್ಬರು ಎರಡೂ ಬದಿಯ ಟರ್ನ್‌ಬಕಲ್‌ಗಳ ಮೇಲೆ ಕಣ್ಣಿಟ್ಟಿರಬೇಕು. ಮಾಸ್ಟ್ ಏರುವಾಗ ಟರ್ನ್‌ಬಕಲ್ ಅಡ್ಡ ಬಿದ್ದು ಸಿಕ್ಕಿಕೊಂಡರೆ ಅದರ ತಿರುಪು ಬಾಗುತ್ತದೆ, ಹಗ್ಗ ಎಳೆಯುವವರಿಗೆ ಅದು ಕಾಣಿಸುವುದಿಲ್ಲ. ಎಳೆತ ಇದ್ದಕ್ಕಿದ್ದಂತೆ ಬಿಗಿಯಾದರೆ ಬಲ ಹಾಕಬೇಡಿ, ನಿಲ್ಲಿಸಿ ನೋಡಿ. ಮಾಸ್ಟ್ ನೆಟ್ಟಗಾದ ಮೇಲೆ ಫೋರ್‌ಸ್ಟೇ (ಮುಂದಿನಿಂದ ಹಿಡಿಯುವ ವೈರ್) ಪಿನ್, ಅದು ಜಾರದಂತೆ ಕಾಟರ್ ರಿಂಗ್, ಆಮೇಲೆ ಮುಂದಿನ ಕೆಳ ಶ್ರೌಡ್‌ಗಳು. ಪ್ರತಿ ಪಿನ್ನಿಗೂ ರಿಂಗ್ ಬಿದ್ದಿದೆಯೇ ಎಂದು ಇನ್ನೊಬ್ಬರು ಮುಟ್ಟಿ ನೋಡಲಿ. ಮಾಸ್ಟ್ ಬೀಳುವುದು ಹೆಚ್ಚಾಗಿ ವೈರ್ ಹರಿದಲ್ಲ, ರಿಂಗ್ ಇಲ್ಲದ ಪಿನ್ ಜಾರಿ.

ಬಳಿಕ ಮೋಟಾರ್, ಚುಕ್ಕಾಣಿ ಕೂರಿಸಿ. ಎರಡೂ ಬದಿಗೆ ಫೆಂಡರ್ (ದೋಣಿ ಬಡಿಯದಂತೆ ತೂಗುಹಾಕುವ ದಿಂಬು), ಮೂತಿಗೂ ಹಿಂಬದಿಗೂ ಹಗ್ಗ. ಇವೆಲ್ಲ ಪಾರ್ಕಿಂಗಿನಲ್ಲೇ ಮುಗಿಯಬೇಕು. ರಾಂಪಿನ ಮೇಲೆ ನಿಂತು ಸಾಮಾನು ತುಂಬಿಸುವವರ ಹಿಂದೆ ಸಾಲು ಬೆಳೆಯುತ್ತದೆ. ಹಿಂಬದಿಯ ಕಟ್ಟುಪಟ್ಟಿ ಬಿಚ್ಚಿ, ಮೂತಿಯ ವಿಂಚ್ ಪಟ್ಟಿ ಬಿಚ್ಚಬೇಡಿ. ಟ್ರೇಲರ್ ದೀಪದ ಪ್ಲಗ್ ಕಳಚಿ, ಇಲ್ಲದಿದ್ದರೆ ಬಿಸಿ ಬಲ್ಬು ಒಡೆಯುತ್ತದೆ, ಫ್ಯೂಸ್ ಹೋಗುತ್ತದೆ. ದೋಣಿ ತೇಲಿದ ಮೇಲೆ ಮೂತಿಯ ಪಟ್ಟಿ ಬಿಚ್ಚಿ, ಕೈಯಿಂದ ಡಾಕಿಗೆ ಎಳೆದು ಕಟ್ಟಿ. ಕೂಡಲೇ ಒಳಗೆ ಹೋಗಿ ಕೀಲಿನ ಹೋಸ್ ಹತ್ತಿರ, ಬರ್ತ್‌ಗಳ ಕೆಳಗೆ ಒಣ ಬಟ್ಟೆ ಒತ್ತಿ ನೋಡಿ. ತೇವ ಇದ್ದರೆ ಟ್ರೇಲರ್ ಇನ್ನೂ ನೀರಿನಲ್ಲಿರುವಾಗಲೇ ದೋಣಿಯನ್ನು ವಾಪಸ್ ಏರಿಸಿ.

ಟ್ರೇಲರ್ ಚಕ್ರ ರಾಂಪಿನ ಕಾಂಕ್ರೀಟ್ ಮುಗಿಯುವ ತುದಿ ದಾಟಿ ಕೆಳಗೆ ಬಿದ್ದರೆ ಎಳೆಯುವುದು ಕಷ್ಟ, ಆಕ್ಸಲ್ ಬಾಗುವುದೂ ಉಂಟು. ತಗ್ಗಿನ ಇಳಿತದಲ್ಲಿ ಇಳಿಸಬಾರದು ಎನ್ನುವುದು ಇದಕ್ಕೇ.

ಆಳದ ನೀರಿಗೆ ಬಂದ ಮೇಲೆ ಕೀಲು ಇಳಿಸಿ. ವಿಂಚ್ ಹಿಡಿಯನ್ನು ಒಂದು ಸುತ್ತೂ ಕೈಬಿಡುವಂತಿಲ್ಲ, ಬಿಟ್ಟರೆ 550 ಪೌಂಡ್ ಕಬ್ಬಿಣ ಆ ಹಿಡಿಯನ್ನು ಗಿರಗಿರ ತಿರುಗಿಸಿ ಮಣಿಕಟ್ಟು ಮುರಿಯುತ್ತದೆ.

ರೊಸಾರಿಯೊ ದಾಟುವುದು

ವಾಷಿಂಗ್ಟನ್ ಪಾರ್ಕಿನಿಂದ ಥ್ಯಾಚರ್ ಪಾಸ್ ಬಾಯಿಗೆ ಸುಮಾರು 4 ನಾಟಿಕಲ್ ಮೈಲಿ. ಇಡೀ ಪ್ರವಾಸದಲ್ಲಿ ಎಚ್ಚರ ಬೇಡುವ ಒಂದು ಗಂಟೆ ಇದು. ಇಲ್ಲಿ ಉಬ್ಬರ ಉತ್ತರಕ್ಕೆ, ಇಳಿತ ದಕ್ಷಿಣಕ್ಕೆ ಹರಿಯುತ್ತದೆ. ದಕ್ಷಿಣದ ಗಾಳಿ ಬೀಸುವ ದಿನ ಇಳಿತದ ಸೆಳೆತ ಅದಕ್ಕೆ ಎದುರಾಗುತ್ತದೆ, ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಗಾಳಿ ಅಷ್ಟೇ ಇದ್ದು ಸೆಳೆತ ತಿರುಗಿದರೆ ಅದೇ ನೀರು ಶಾಂತ. ಹೀಗಾಗಿ ಗಾಳಿಯ ವೇಗ ಒಂದನ್ನೇ ನೋಡಿ ಹೊರಡಬೇಡಿ.

ನೋವಾದ ಮುನ್ಸೂಚನೆಯಲ್ಲಿ ಸ್ಯಾನ್ ವಾನ್ ದ್ವೀಪಗಳನ್ನೊಳಗೊಂಡ ಉತ್ತರ ಒಳನಾಡ ಜಲಭಾಗದ್ದನ್ನು ಓದಿ. ಅದರ ಸಂಕೇತ ಪಿಝಡ್‌ಝಡ್ 133. ಸ್ಮಾಲ್ ಕ್ರಾಫ್ಟ್ ಅಡ್ವೈಸರಿ (ಸಣ್ಣ ದೋಣಿಗಳಿಗೆ ಎಚ್ಚರಿಕೆ) ಇದ್ದರೆ ಪ್ರವಾಸ ಇಲ್ಲ. ಅದು ಇಲ್ಲದಿದ್ದರೂ 15 ನಾಟ್ ಮೀರಿದ ಗಾಳಿ ಸೆಳೆತಕ್ಕೆ ಎದುರಾಗಿದ್ದರೆ ಈ ದೋಣಿಯಲ್ಲಿ ದಾಟಬಾರದು. 12 ನಾಟ್ ಆಗುತ್ತಿದ್ದಂತೆ ದೊಡ್ಡ ಹಾಯಿಗೆ ಮೊದಲ ರೀಫ್ ಹಾಕಿ, ಅಂದರೆ ಅದರ ಸ್ವಲ್ಪ ಭಾಗ ಮಡಚಿ ಕಟ್ಟಿ. ಡಾಕಿನಲ್ಲೇ ಹಾಕಿಕೊಂಡು ಹೊರಟು, ಬೇಡವಾದರೆ ಬಿಚ್ಚುವುದು ಇನ್ನೂ ಮೇಲು.

ಸೆಳೆತದ ಲೆಕ್ಕ ಹೀಗೆ. ದೋಣಿಯ ವೇಗ 4.5 ನಾಟ್, ಅಡ್ಡ ಸೆಳೆತ 2 ನಾಟ್ ಎಂದುಕೊಳ್ಳಿ. ಮೂತಿಯನ್ನು ನೇರ ಥ್ಯಾಚರ್ ಕಡೆ ಇಟ್ಟು ಹೋದರೆ ದಾಟುವ ಹೊತ್ತಿಗೆ 1.8 ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ಇಳಿತವಾದರೆ ಅದು ದಕ್ಷಿಣದಲ್ಲಿರುವ ಬೆಲ್ ರಾಕ್ ಬಂಡೆ ಕಡೆಗೆ. ಸೆಳೆತಕ್ಕೆ ಎದುರಾಗಿ ಸುಮಾರು 26 ಡಿಗ್ರಿ ಮೂತಿ ತಿರುಗಿಸಿದರೆ ದೋಣಿ ಓರೆಯಾಗಿ ನಿಂತೂ ನೇರ ದಾರಿಯಲ್ಲಿ ಸಾಗುತ್ತದೆ. ಆಗ ನಿಜವಾದ ವೇಗ 4 ನಾಟ್, ದಾಟಲು ಒಂದು ಗಂಟೆ. ಜಿಪಿಎಸ್‌ನಲ್ಲಿ ಮೂತಿಯ ದಿಕ್ಕು ನೋಡದೆ ದೋಣಿ ಸಾಗುತ್ತಿರುವ ದಿಕ್ಕು ನೋಡಿ. ಕೆನಡಾದ ಜಲಮಾಪನ ಇಲಾಖೆಯ ಸೆಳೆತದ ನಕಾಶೆಗಳಲ್ಲಿ ಬಾಣಗಳ ಮೂಲಕ ಗಂಟೆಗಂಟೆಯ ಹರಿವು ಕಾಣುತ್ತದೆ. ಒಮ್ಮೆ ಅಭ್ಯಾಸವಾದರೆ ಅದನ್ನು ಬಿಟ್ಟು ಹೊರಡಲು ಮನಸ್ಸಾಗದು.

ಇದೇ ಜಲಸಂಧಿಯಲ್ಲಿ ತೈಲ ಟ್ಯಾಂಕರ್‌ಗಳು ಅನಕೋರ್ಟಿಸ್ ಮತ್ತು ಚೆರ್ರಿ ಪಾಯಿಂಟ್ ಶುದ್ಧೀಕರಣಾಗಾರಗಳಿಗೆ ಓಡಾಡುತ್ತವೆ. ಹಾಯಿದೋಣಿಗೆ ಎಲ್ಲರೂ ದಾರಿ ಬಿಡಬೇಕು ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ಇಕ್ಕಟ್ಟಾದ ಕಾಲುವೆಯಲ್ಲಿ ಹಾಯಿದೋಣಿಯೂ 20 ಮೀಟರ್ ಒಳಗಿನ ಯಾವ ದೋಣಿಯೂ ದೊಡ್ಡ ಹಡಗಿಗೆ ಅಡ್ಡಬರುವಂತಿಲ್ಲ. ದೋಣಿಯ ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಯ 16ರ ಜೊತೆಗೆ ಹಡಗು ಸಂಚಾರ ಕೇಂದ್ರವಾದ ಸಿಯಾಟಲ್ ಟ್ರಾಫಿಕ್‌ನ 5ಎ ಚಾನೆಲ್ ಕೇಳುತ್ತಿದ್ದರೆ ಯಾವ ಹಡಗು ಎತ್ತ ಹೊರಟಿದೆ ತಿಳಿಯುತ್ತದೆ. ಥ್ಯಾಚರ್ ಪಾಸ್ ಸರ್ಕಾರಿ ಫೆರಿಗಳ ದಾರಿ, ಒಂದು ಬದಿ ಹಿಡಿದು ಹೋಗಿ. ಐದು ಗಿಡ್ಡ ಸೀಟಿ ಕೇಳಿದರೆ ಅದು ನಿಮಗೇ ಎಂದು ತಿಳಿದು ಕೂಡಲೇ ದಾರಿ ಬದಲಿಸಿ.

ನೀರಿನ ತಂಪಿನ ಬಗ್ಗೆ ಊರಿನ ಅಂದಾಜು ಇಟ್ಟುಕೊಳ್ಳಬೇಡಿ. ಮಲ್ಪೆ, ಕಾರವಾರದ ಸಮುದ್ರ ಬೆಚ್ಚಗಿರುತ್ತದೆ, ಇಲ್ಲಿ ಬೇಸಿಗೆಯಲ್ಲೂ 10 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಿದ್ದವರಿಗೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಕೆಲಸ ಮಾಡುವುದು ಸುಮಾರು ಹತ್ತು ನಿಮಿಷ. ಎಂಥ ಈಜುಗಾರರಿಗೂ ಇದೇ ಲೆಕ್ಕ. ಜಾಕೆಟ್ ಎಲ್ಲರ ಮೈಮೇಲೆ ಇರಬೇಕು, ಹಿಂಬದಿಯ ಏಣಿ ನೀರಿನಲ್ಲಿರುವವರ ಕೈಗೆ ಎಟುಕುವಂತಿರಬೇಕು.

ಓರ್ಕಾ ತಿಮಿಂಗಿಲ ಕಂಡರೆ ಹತ್ತಿರ ಹೋಗಬೇಡಿ. 2025ರಿಂದ ‘ದಕ್ಷಿಣದ ನಿವಾಸಿ’ ಎಂಬ ಓರ್ಕಾ ಗುಂಪಿನಿಂದ 1,000 ಗಜ ದೂರ ಇರಬೇಕೆಂದು ರಾಜ್ಯದ ಕಾನೂನು.

ಇಂಧನ: 6 ಅಶ್ವಶಕ್ತಿಯ ಮೋಟಾರ್ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಕುಡಿಯುತ್ತದೆ. ಲೋಪೆಜ್‌ಗೆ ಹೋಗಿಬರಲು 3 ಗ್ಯಾಲನ್ ಟ್ಯಾಂಕ್ ಗಾಳಿಯಿಲ್ಲದಿದ್ದರೂ ಹೇಗೋ ಸಾಕು, ಕೈಯಲ್ಲಿ ಉಳಿಕೆ ಮಾತ್ರ ಇರದು. ಇನ್ನೊಂದು ಟ್ಯಾಂಕ್ ಒಯ್ಯಿರಿ.

ಬಾಯಿ ಹೊಕ್ಕು ಡಾಕಿಗೆ ಕಟ್ಟುವುದು

ಫಿಶರ್‌ಮನ್ ಬೇ ಕಾಲುವೆಯನ್ನು ಗುರುತಿನ ಕಂಬ ಬೂಯಿಗಳ ನಡುವೆಯೇ ಹಿಡಿದು ಹೋಗಬೇಕು, ಅಡ್ಡದಾರಿ ಹೊಡೆಯುವಂತಿಲ್ಲ. ನೀರು ಏರುತ್ತಿರುವಾಗ ಹೋದರೆ ತಳ ತಾಗಿದರೂ ಹತ್ತು ನಿಮಿಷದಲ್ಲಿ ನೀರೇ ಎತ್ತುತ್ತದೆ. ಇಳಿಯುತ್ತಿರುವಾಗ ತಾಗಿದರೆ ಆರೇಳು ಗಂಟೆ ವಾಲಿಕೊಂಡು ಕೂರಬೇಕಾದೀತು. ಕೀಲನ್ನು ಅರ್ಧ ಎತ್ತಿ, ಕೀಲಿನ ಲಾಕ್ ಬೋಲ್ಟ್ ಸಡಿಲಿಸಿ ಹೋಗಿ. ಬೋಲ್ಟ್ ಬಿಗಿದಿದ್ದರೆ ತಳ ತಾಗಿದಾಗ ಕೀಲು ಹಿಂದಕ್ಕೆ ಮಡಿಯಲಾರದೆ ಏಟು ಪೂರ್ತಿ ದೋಣಿಯ ಮೈಗೆ ಬೀಳುತ್ತದೆ.

ರೋಷ್ ಹಾರ್ಬರಿಗೆ ಹೋಗುವವರಿಗೆ ಸ್ಪೀಡನ್ ಚಾನೆಲ್‌ನಲ್ಲಿ ಸುಳಿಗಳು, ಪಶ್ಚಿಮ ತುದಿಯಲ್ಲಿ ಸೆಂಟರ್ ರೀಫ್ ಮತ್ತು ಡೇಂಜರ್ ಶೋಲ್ ಇವೆ. ಬಂದರಿಗೆ ಮುಖ್ಯ ಬಾಯಿ ಪರ್ಲ್ ದ್ವೀಪದ ಪಶ್ಚಿಮಕ್ಕೆ. ಪೂರ್ವದ ಸಂದು ಆಳ ಕಡಿಮೆ.

ಒಳಗೆ ಹೊಕ್ಕುವ ಮುಂಚೆ ರೇಡಿಯೊದಲ್ಲಿ ಮರೀನಾವನ್ನು ಕರೆಯಿರಿ. ರೋಷ್ ಹಾರ್ಬರ್ 78ಎ ಚಾನೆಲ್. ದೋಣಿಯ ಹೆಸರು, ಉದ್ದ, ಅಗಲ ಹೇಳಿ ನಾಲ್ಕು ಪ್ರಶ್ನೆ ಕೇಳಿ: ಜಾಗದ ಸಂಖ್ಯೆ ಎಷ್ಟು, ಯಾವ ಬದಿ ಡಾಕಿಗೆ ತಾಗುತ್ತದೆ, ಅಲ್ಲಿ ಈಗ ಸೆಳೆತ ಎತ್ತ, ಕಟ್ಟಲು ಕ್ಲೀಟ್ (ಹಗ್ಗ ಸುತ್ತುವ ಕೊಂಬು) ಇದೆಯೋ ಬುಲ್ ರೇಲ್ ಇದೆಯೋ. ಬುಲ್ ರೇಲ್ ಎಂದರೆ ಡಾಕಿನ ಅಂಚಿಗೆ ಉದ್ದಕ್ಕೂ, ತುಸು ಎತ್ತರದಲ್ಲಿ ಕೂರಿಸಿದ ಮರದ ತೊಲೆ. ಈ ಸೀಮೆಯಲ್ಲಿ ಬಹಳ ಸಾಮಾನ್ಯ. ಕುಣಿಕೆ ಎಸೆದು ಸಿಕ್ಕಿಸಲು ಅಲ್ಲಿ ಏನೂ ಇರುವುದಿಲ್ಲ. ಬಗ್ಗಿ ಹಗ್ಗವನ್ನು ತೊಲೆಯ ಕೆಳಗೆ ತೂರಿಸಿ ಮೇಲೆ ತಂದು ದೋಣಿಗೇ ವಾಪಸ್ ಕಟ್ಟಬೇಕು. ಅದಕ್ಕೆ ಹಗ್ಗಗಳು ಉದ್ದವಿರಲಿ: 3/8 ಇಂಚು ದಪ್ಪದವು, 25 ಅಡಿಯ ನಾಲ್ಕು, 30 ಅಡಿಯ ಎರಡು.

ಕೊಲ್ಲಿಯ ಒಳಗೆ ಆಳ ಸಿಕ್ಕ ಕಡೆ ನಿಧಾನಿಸಿ ಹಾಯಿ ಇಳಿಸಿ ಕಟ್ಟಿ. ಆಳವಿದ್ದರೆ ಕೀಲು ಪೂರ್ತಿ ಕೆಳಗಿರಲಿ. ಕೀಲು ಎತ್ತಿದ ಹಗುರ ದೋಣಿ ಅಡ್ಡಗಾಳಿಗೆ ಎಲೆಯ ಹಾಗೆ ಪಕ್ಕಕ್ಕೆ ಜಾರುತ್ತದೆ, ಡಾಕಿನ ಕೆಲಸ ಕೆಡುವುದು ಹೆಚ್ಚಾಗಿ ಇದರಿಂದ. ಫೆಂಡರ್‌ಗಳನ್ನು ಡಾಕಿನ ಮಟ್ಟಕ್ಕೆ ಇಳಿಸಿ. ಹಗ್ಗಗಳು ಲೈಫ್‌ಲೈನಿನ (ಡೆಕ್ಕಿನ ಅಂಚಿನ ತಡೆತಂತಿ) ಹೊರಗಿಂದ ಬಂದಿರಬೇಕು.

ಮೊದಲು ಕಟ್ಟಬೇಕಾದ್ದು ನಡುವಿನ ಸ್ಪ್ರಿಂಗ್ ಹಗ್ಗ (ದೋಣಿಯ ನಡುವಿನಿಂದ ಡಾಕಿಗೆ ಓರೆಯಾಗಿ ಕಟ್ಟುವುದು), ಮೂತಿಯದ್ದಲ್ಲ. ಮೂತಿ ಮೊದಲು ಕಟ್ಟಿದರೆ ಹಿಂಬದಿ ಹೊರಕ್ಕೆ ತಿರುಗಿ ಪಕ್ಕದ ದೋಣಿಗೆ ಬಡಿಯುತ್ತದೆ. ಕ್ಯಾಟಲಿನಾ 22ಕ್ಕೆ ನಡುವೆ ಕ್ಲೀಟ್ ಇಲ್ಲದಿದ್ದರೆ ಹಗ್ಗವನ್ನು ಜೆನೋವಾ ಟ್ರ್ಯಾಕಿನ (ಮುಂದಿನ ಹಾಯಿಯ ಹಗ್ಗಕ್ಕಾಗಿ ಡೆಕ್ ಮೇಲಿರುವ ಹಳಿ) ಬ್ಲಾಕ್ ಮೂಲಕ ಹಾಯಿಸಿ ಕಾಕ್‌ಪಿಟ್ಟಿನ (ದೋಣಿ ನಡೆಸುವವರು ಕೂರುವ ತೆರೆದ ಜಾಗ) ವಿಂಚ್‌ಗೆ ಸುತ್ತಿ. ನಡಿಗೆಯ ವೇಗಕ್ಕಿಂತ ಕಡಿಮೆ ವೇಗದಲ್ಲಿ, ಗಾಳಿ ಸೆಳೆತಗಳಲ್ಲಿ ಬಲವಾದದ್ದಕ್ಕೆ ಎದುರಾಗಿ ಬನ್ನಿ. ಶ್ರೌಡ್ ಹಿಡಿದು ನಿಂತವರು ದೋಣಿ ಡಾಕಿಗೆ ತಾಗಿದ ಮೇಲೆ ಕಾಲಿಡಬೇಕು, ಹಾರಬಾರದು. ಹಗ್ಗವನ್ನು ಹಿಂದಕ್ಕೆ ಒಯ್ದು ತೊಲೆಗೆ ಸುತ್ತಿ ಹಿಡಿದರೆ, ಮೋಟಾರ್ ನಿಧಾನ ಮುಂದಕ್ಕೆ ಓಡುತ್ತಿರುವಾಗ ದೋಣಿ ತಾನಾಗಿ ಡಾಕಿಗೆ ಒತ್ತಿಕೊಳ್ಳುತ್ತದೆ. ಚುಕ್ಕಾಣಿಯನ್ನು ದೋಣಿ ಡಾಕಿನಿಂದ ಆಚೆ ತಿರುಗುವಂತೆ ಹಿಡಿಯಿರಿ. ಔಟ್‌ಬೋರ್ಡ್ ಮೋಟಾರಿನ ನೀರಿನ ಧಾರೆ ಚುಕ್ಕಾಣಿಗೆ ಬಡಿಯುವುದಿಲ್ಲ, ಹಾಗಾಗಿ ಮೋಟಾರನ್ನೂ ಅದೇ ಪ್ರಕಾರ ತಿರುಗಿಸಬೇಕು. ದೋಣಿ ಹೀಗೆ ನಿಂತಿತೆಂದರೆ ಉಳಿದ ಹಗ್ಗಗಳನ್ನು ಅವಸರವಿಲ್ಲದೆ ಕಟ್ಟಬಹುದು. ಕೈಯಿಂದಾಗಲಿ ಕಾಲಿಂದಾಗಲಿ ದೋಣಿ ತಡೆಯಲು ಯಾರೂ ಹೋಗಬೇಡಿ, ಬೆರಳಿಗಿಂತ ಫೆಂಡರ್ ಅಗ್ಗ.

ಗೆಸ್ಟ್ ಡಾಕ್‌ಗಳು ತೇಲುವಂಥವು, ನೀರಿನ ಜೊತೆ ಏರಿಳಿಯುತ್ತವೆ. ಹಗ್ಗಕ್ಕೆ ಹೆಚ್ಚು ಸಡಿಲ ಬಿಡಬೇಕಿಲ್ಲ. ಏರಿಳಿತ ತಟ್ಟುವುದು ದಡಕ್ಕೆ ಹೋಗುವ ಕಾಲುಸೇತುವೆಗೆ. ಇಳಿತದಲ್ಲಿ ಅದು ಏಣಿಯಷ್ಟು ಕಡಿದಾಗುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಊಟಕ್ಕೆ ಹೋಗಿಬರುವ ಹೊತ್ತನ್ನೂ ಪಟ್ಟಿ ನೋಡಿಯೇ ಗೊತ್ತುಮಾಡಿ.

ಡಾಕಿನಲ್ಲಿ ರಾತ್ರಿ

ಡಾಕಿನ ವಿದ್ಯುತ್ ಕಂಬದಲ್ಲಿ ಸಾಮಾನ್ಯವಾಗಿ 30 ಆಂಪಿಯರ್‌ನ ತಿರುಗಿಸಿ ಕೂರಿಸುವ ಪ್ಲಗ್ ಇರುತ್ತದೆ. 15 ಆಂಪಿಯರ್‌ಗೆ ಇಳಿಸುವ ಅಡಾಪ್ಟರ್, ಹೊರಾಂಗಣಕ್ಕೆ ಯೋಗ್ಯವಾದ 12 ಗೇಜ್ ದಪ್ಪದ ವೈರ್ ಒಯ್ಯಿರಿ. ವೈರ್ ನೀರಿಗೆ ಜೋತುಬೀಳಬಾರದು. ವಿದ್ಯುತ್ ಇರುವ ಡಾಕಿನ ಸುತ್ತ ಮಕ್ಕಳನ್ನು ಈಜಲು ಬಿಡಬೇಡಿ.

ಈ ದ್ವೀಪಗಳ ನೀರೂ ಸೇರಿ ಪ್ಯೂಜೆಟ್ ಸೌಂಡ್ ಇಡೀ 2018ರಿಂದ ಶೌಚ ವಿಸರ್ಜನೆ ನಿಷಿದ್ಧ ವಲಯ. ಪೋರ್ಟಾ ಪಾಟಿಯನ್ನು (ಒಯ್ಯಬಹುದಾದ ಶೌಚಪೆಟ್ಟಿಗೆ) ಮರೀನಾದ ನಿಗದಿತ ಜಾಗದಲ್ಲೇ ಖಾಲಿ ಮಾಡಬೇಕು.

ಒಲೆ ಹಚ್ಚುವುದಿದ್ದರೆ ಕಾಕ್‌ಪಿಟ್ಟಿನಲ್ಲಿ ಹಚ್ಚಿ. ಬ್ಯೂಟೇನ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕ್ಯಾಬಿನ್ನಿನ ತಳಕ್ಕಿಳಿದು ಕೂರುತ್ತದೆ, ಕಿಡಿ ತಾಗಿದರೆ ಸ್ಫೋಟ. ಬಿಸಿನೀರು ಸುರಿದರೆ ಆಗುವ ಅವಲಕ್ಕಿ, ಹುರಿದಿಟ್ಟ ಉಪ್ಪಿಟ್ಟಿನ ರವೆ, ಚಟ್ನಿಪುಡಿ ಇದ್ದರೆ ಎರಡು ಬೆಳಗಿಗೆ ಒಂದು ಬರ್ನರ್ ಸಾಕು.

ರೋಷ್ ಹಾರ್ಬರಿನಲ್ಲಿ ಫೋನ್ ಕೆನಡಾದ ಟವರ್ ಹಿಡಿಯುವುದುಂಟು, ರೋಮಿಂಗ್ ಆರಿಸಿಡಿ. ನಾಳಿನ ಸೆಳೆತದ ಪಟ್ಟಿಯನ್ನು ಮನೆಯಲ್ಲೇ ಕಾಗದದ ಮೇಲೆ ಬರೆದು ತಂದಿರಿ.

ಮರಳುವುದು

ಕೊನೆಯ ದಿನದ ಲೆಕ್ಕ ರಾಂಪಿನಿಂದ ಹಿಂದಕ್ಕೆ ಶುರುವಾಗಬೇಕು. ವಾಷಿಂಗ್ಟನ್ ಪಾರ್ಕಿನಲ್ಲಿ ನೀರು ಯಾವಾಗ ಅರ್ಧಕ್ಕಿಂತ ಮೇಲಿರುತ್ತದೆ, ಅದಕ್ಕೆ ಮುಂಚೆ ರೊಸಾರಿಯೊ ಯಾವಾಗ ತಣ್ಣಗಿರುತ್ತದೆ, ಹಾಗಾದರೆ ಕೊಲ್ಲಿಯಿಂದ ಎಷ್ಟು ಹೊತ್ತಿಗೆ ಹೊರಬೀಳಬೇಕು. ಸೋಮವಾರ ಆಫೀಸಿದೆ ಎಂಬ ಕಾರಣಕ್ಕೆ ಕೆಟ್ಟ ನೀರಿಗೆ ಇಳಿಯುವವರಿಗೇ ಕೋಸ್ಟ್ ಗಾರ್ಡ್ ಕರೆಯಬೇಕಾಗಿ ಬರುತ್ತದೆ. ಸೋಮವಾರ ರಜೆ ಹಾಕಿಯೇ ಹೊರಡಿ. ಹವೆ ಕೆಟ್ಟರೆ ದೋಣಿಯನ್ನು ಡಾಕಿನಲ್ಲೇ ಬಿಟ್ಟು ಫೆರಿಯಲ್ಲಿ ಬಂದು, ಮುಂದಿನ ವಾರ ಹೋಗಿ ತರುವ ದಾರಿಯೂ ಉಂಟು. ದ್ವೀಪಗಳ ಅನುಕೂಲವೇ ಅದು.

ರಾಂಪಿಗೆ ಬರುವ ಮುನ್ನ ಆಳದಲ್ಲೇ ಕೀಲು ಪೂರ್ತಿ ಎತ್ತಿ, ಕೇಬಲ್ ಬಿಗಿಯಾಗಿದೆಯೇ ನೋಡಿ. ಟ್ರೇಲರನ್ನು ಬಂಕ್‌ಗಳ (ದೋಣಿ ಕೂರುವ ಹಲಗೆಗಳು) ಹಿಂತುದಿ ಮುಳುಗುವಷ್ಟು ಇಳಿಸಿ. ತೀರಾ ಆಳಕ್ಕಿಳಿಸಿದರೆ ದೋಣಿ ಸೊಟ್ಟಗೆ ತೇಲಿ ಬಂಕ್ ತಪ್ಪುತ್ತದೆ. ಮೂತಿ ರಬ್ಬರ್ ತಡೆಗೆ ತಾಗುವವರೆಗೆ ವಿಂಚ್ ಸುತ್ತಿ. ನೀರಿನಿಂದ ಹೊರಬಂದ ಕೂಡಲೇ ದೋಣಿ ಎರಡೂ ಕಡೆ ಸಮವಾಗಿ ಕೂತಿದೆಯೇ ನೋಡಿ, ಇಲ್ಲದಿದ್ದರೆ ಮತ್ತೆ ಇಳಿಸಿ ಸರಿಪಡಿಸಿ. ಮಾಸ್ಟ್ ಇಳಿಸುವಾಗ ಜಿನ್ ಪೋಲ್ ಮತ್ತೆ ಹಾಕಿ, ಮುಂದಿನ ಕೆಳ ಶ್ರೌಡ್ ಬಿಚ್ಚಿ, ಹಗ್ಗ ಬಿಗಿ ಮಾಡಿಕೊಂಡು ಆಮೇಲೆ ಫೋರ್‌ಸ್ಟೇ ಪಿನ್ ತೆಗೆಯಿರಿ. ದಣಿದ ಹೊತ್ತಿನಲ್ಲಿ ಈ ಅನುಕ್ರಮ ಅದಲುಬದಲಾದರೆ ಮಾಸ್ಟ್ ಬೀಳುತ್ತದೆ.

ಪಾರ್ಕಿಂಗಿನಿಂದ ಹೊರಡುವಾಗ ನಿಧಾನ ವೇಗದಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ ಟ್ರೇಲರ್ ಬ್ರೇಕ್ ಹಿಡಿಯುತ್ತಿದೆಯೇ ನೋಡಿಕೊಳ್ಳಿ. ಮನೆಗೆ ಬಂದ ರಾತ್ರಿಯೇ, ಎಷ್ಟೇ ಹೊತ್ತಾಗಿರಲಿ, ಟ್ರೇಲರ್ ಬ್ರೇಕ್, ಸ್ಪ್ರಿಂಗ್, ಕೀಲಿನ ಗೂಡಿಗೆ ಸಿಹಿನೀರು ಹಾಯಿಸಿ. ಮೋಟಾರನ್ನು ಬಕೆಟ್ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ, ಆಮೇಲೆ ಪೆಟ್ರೋಲ್ ನಳಿಗೆ ಕಳಚಿ ಕಾರ್ಬುರೇಟರ್ ಖಾಲಿಯಾಗಿ ತಾನಾಗಿ ನಿಲ್ಲುವವರೆಗೆ ಬಿಡಿ. ಹಬ್‌ಗಳಿಗೆ ಗ್ರೀಸ್ ಒತ್ತಿ. ಹೊರಬರುವ ಗ್ರೀಸ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಮುಂದಿನ ಪ್ರವಾಸಕ್ಕೆ ಮುಂಚೆ ಬೇರಿಂಗ್ ಬಿಚ್ಚಿಸಿ ಸೀಲ್ ಬದಲಿಸಬೇಕು.